ಮೊದಲ ಪ್ರಶ್ನೆ ಯಾರ ಬಗ್ಗೆ?

ಮೀಟಿಂಗ್‌ನಲ್ಲಿ ಎಲ್ಲರೆದುರು ಮೇಲಧಿಕಾರಿ ನನ್ನನ್ನು ಹಂಗಿಸುವುದು ಶುರುವಾಗಿ ಏಳೆಂಟು ತಿಂಗಳಾಗಿತ್ತು. ಅದನ್ನಾದರೂ ಹೇಗೋ ಸಹಿಸುತ್ತಿದ್ದೆ. ಯಾರ ಹತ್ತಿರವಾದರೂ ಹೇಳಿಕೊಂಡು ಬಂದ ಮೇಲೆ ಮನಸ್ಸು ಇನ್ನಷ್ಟು ಭಾರವಾಗುತ್ತಿತ್ತಲ್ಲ, ಅದು ಯಾಕೆಂದು ತಿಳಿಯುತ್ತಿರಲಿಲ್ಲ.

ಒಂದು ನೋಟ್‌ಬುಕ್ ಇಟ್ಟೆ. ಅಧಿಕಾರಿ ಏನಂದರು ಅನ್ನೋದು ಎಡಪುಟದಲ್ಲಿ, ತಾರೀಖಿನ ಸಮೇತ. ಅದನ್ನು ಕೇಳಿಸಿಕೊಂಡವರು ಏನಂದರು ಅನ್ನೋದು ಬಲಪುಟದಲ್ಲಿ, ಅವರ ಮಾತಿನಲ್ಲೇ. ಮೂರು ವಾರ ಬಿಟ್ಟು ಬಲಪುಟಗಳನ್ನಷ್ಟೇ ಓದಿದೆ. "ಅದಕ್ಕೂ ಮುಂಚೆ ನೀನೇನಂದೆ?" "ನಿಂಗೆ ಎಲ್ಲಾ ಬೇಗ ಮನಸ್ಸಿಗೆ ತಾಗುತ್ತೆ, ಬಿಡು." "ಅವರು ಎಲ್ಲರ ಹತ್ರಾನೂ ಹಾಗೇ." ಹಂಗಿಸಿದವರ ಬಗ್ಗೆ ಒಂದೇ ಒಂದು ಪ್ರಶ್ನೆ ಇಲ್ಲ. ನಡೆದದ್ದೆಲ್ಲ ನನ್ನ ವಿಚಾರಣೆ! ಕೊನೆಯ ಮಾತು ನನ್ನ ಸ್ವಂತ ಅಕ್ಕನದು.

ಇವರೆಲ್ಲ ಕೆಟ್ಟವರೇನಲ್ಲ. ಮನೋವಿಜ್ಞಾನಿಗಳಾದ ಮೆಲ್ವಿನ್ ಲರ್ನರ್ ಮತ್ತು ಕ್ಯಾರೊಲಿನ್ ಸಿಮನ್ಸ್ 1966ರಲ್ಲಿ ಪ್ರಕಟಿಸಿದ ಪ್ರಯೋಗವೊಂದರ ಬಗ್ಗೆ ಆಮೇಲೆ ಓದಿದೆ. ತಪ್ಪು ಉತ್ತರ ಕೊಟ್ಟವಳಿಗೆ ಕರೆಂಟ್ ಶಾಕ್ ಕೊಡುತ್ತಿದ್ದಾರೆಂದು ನೋಡುತ್ತಿದ್ದ ವಿದ್ಯಾರ್ಥಿನಿಯರನ್ನು ನಂಬಿಸಿದ್ದರು. ನಿಜಕ್ಕೂ ಅದು ನಟನೆ. ಅವಳ ನೋವು ಇನ್ನೂ ಮುಂದುವರಿಯುತ್ತದೆ, ತಮ್ಮಿಂದ ಏನೂ ಮಾಡಲಾಗದು ಅನ್ನಿಸಿದಾಗ ನೋಡುವವರು ಅವಳನ್ನೇ ಕೀಳಾಗಿ ಕಂಡರಂತೆ. ನೋವು ತಿನ್ನುವವಳದ್ದೇ ಏನೋ ತಪ್ಪಿರಬೇಕು ಅಂದುಕೊಂಡರೆ ತಾನೇ, ಲೋಕದಲ್ಲಿ ನ್ಯಾಯವಿದೆ ಅಂತ ನಂಬಿ ನಿದ್ದೆ ಮಾಡಲಾಗುವುದು! ಅಕ್ಕನ ಮೇಲಿನ ಸಿಟ್ಟು ಇಳಿಯಿತು. ಆದರೆ ಈ ವಿಷಯ ಅವಳ ಹತ್ತಿರ ಮಾತಾಡುವುದನ್ನು ಬಿಟ್ಟೆ.

ನಾನು ನಿಜವಾಗಿ ಮೋಸಹೋದದ್ದು ಸಿಹಿ ಮಾತಿಗೆ. ಜೊತೆಯಲ್ಲಿ ಕೆಲಸ ಮಾಡುವವಳೊಬ್ಬಳು "ಅವನನ್ನ ಸುಮ್ನೆ ಬಿಡ್ಬಾರ್ದು ಕಣೇ" ಅನ್ನುತ್ತಾ ದಿನಾ ಸಂಜೆ "ಇವತ್ತೇನಾಯ್ತು?" ಅಂತ ಕೇಳುವಳು. ಕೇಳುವುದಷ್ಟೇ, ಮೀಟಿಂಗ್‌ನಲ್ಲಿ ತಲೆ ಎತ್ತುತ್ತಿರಲಿಲ್ಲ. ಅನುಮಾನ ಬಂದು ಅವಳೊಬ್ಬಳಿಗೇ ಒಂದು ಸಣ್ಣ ವಿಷಯ ಹೇಳಿದೆ: ಬೇರೆ ವಿಭಾಗಕ್ಕೆ ಕೇಳಿಕೊಳ್ಳುವ ಯೋಚನೆಯಿದೆ ಅಂತ. ಮೂರನೇ ದಿನ ಅಧಿಕಾರಿಯೇ ನಕ್ಕರು, "ಏನು, ನಮ್ಮನ್ನೆಲ್ಲ ಬಿಟ್ಟು ಹೋಗ್ತೀರಂತೆ?"

ಅಲ್ಲಿಂದ ಮುಂದೆ ಯಾರಿಗೂ ಕಥೆ ಹೇಳಲಿಲ್ಲ, ಒಂದು ಸಣ್ಣ ಕೆಲಸ ಕೇಳಿದೆ: ನಾಳೆ ಮೀಟಿಂಗ್‌ನಲ್ಲಿ ನನ್ನ ಪಕ್ಕ ಕೂರುತ್ತೀರಾ? ಇಬ್ಬರಿಗೆ ಇದ್ದಕ್ಕಿದ್ದಂತೆ ಬೇರೆ ಕೆಲಸ ನೆನಪಾಯಿತು. ಒಬ್ಬ ಹುಡುಗ ಮಾತ್ರ, "ನಂಗೆ ಭಯ ಆಗುತ್ತೆ, ಆಗಲ್ಲ" ಅಂದ. ಅವನ ಮೇಲೆ ನನಗೆ ಇವತ್ತಿಗೂ ಗೌರವವಿದೆ.

ಹೂಂ ಅಂದದ್ದು ನಾನು ಲೆಕ್ಕಕ್ಕೇ ಹಿಡಿಯದಿದ್ದ, ಒರಟು ಮಾತಿನ ಹಿರಿಯ ಸಹೋದ್ಯೋಗಿ. ಸಮಾಧಾನದ ಒಂದು ಮಾತೂ ಆಡಲಿಲ್ಲ. "ಯಾವತ್ತಿಂದ? ಎದುರಿಗೆ ಯಾರ್ಯಾರಿದ್ರು? ಬರೆದಿಟ್ಟಿದೀಯಾ?" ಅಂದರು. ನೋಟ್‌ಬುಕ್ ಕೊಟ್ಟೆ. ಎಡಪುಟಗಳನ್ನಷ್ಟೇ ಓದಿ ವಾಪಸು ಕೊಟ್ಟರು. ಮರುದಿನ ನಾನು ಹೋಗುವಷ್ಟರಲ್ಲಿ, ತಮ್ಮ ಪಕ್ಕದ ಕುರ್ಚಿಯ ಮೇಲೆ ಕನ್ನಡಕದ ಡಬ್ಬಿ ಇಟ್ಟು ಜಾಗ ಹಿಡಿದು ಕೂತಿದ್ದರು.