ಹಳೆಯ ಕಂಪ್ಯೂಟರ್‌ನಲ್ಲಿ ಜಾಲತಾಣ ತೆರೆಯುತ್ತಿಲ್ಲವೇ? ಮೊದಲು ಗಡಿಯಾರ ನೋಡಿ

ಗೃಹಪ್ರವೇಶದ ಆಮಂತ್ರಣ ಪತ್ರಿಕೆಯ ಕರಡು ತಿದ್ದಲು ನಮ್ಮೂರ ಡಿಟಿಪಿ ಅಂಗಡಿಗೆ ಹೋಗಿದ್ದೆ. ಮಾಲೀಕರು ತಲೆ ಎತ್ತದೆಯೇ, "ಕುಳಿತುಕೊಳ್ಳಿ ಸಾರ್. ನೀವು ಮೇಲ್‌ನಲ್ಲಿ ಕಳಿಸಿದ ಫೋಟೊ ಇಳಿಸಿಕೊಳ್ಳೋಣವೆಂದರೆ ಬೆಳಿಗ್ಗೆಯಿಂದ ಏನೂ ತೆರೆಯುತ್ತಿಲ್ಲ" ಎಂದರು. ಇಂಟರ್ನೆಟ್ ಕೊಟ್ಟವನಿಗೆ ಎರಡು ಸಲ ಫೋನ್ ಮಾಡಿ ಬೈದೂ ಆಗಿತ್ತು. ಪರದೆಯನ್ನು ನೋಡಿದೆ. ನಿಮ್ಮ ಗಡಿಯಾರ ಹಿಂದಿದೆ ಎಂದು ಇಂಗ್ಲಿಷಿನಲ್ಲಿ ದಪ್ಪಕ್ಷರದಲ್ಲೇ ಬರೆದಿತ್ತು. ಕೆಳಗಿನ ಮೂಲೆಯಲ್ಲಿ ತಾರೀಕು: 2009ರ ಜನವರಿ 1.

ಡಿಟಿಪಿ ಅಂಗಡಿಗಳಲ್ಲಿ ಹಳೆಯ ಕಂಪ್ಯೂಟರ್ ಉಳಿದಿರುವುದು ಜಿಪುಣತನದಿಂದಲ್ಲ. ಪುಟ ಕಟ್ಟುವ ಪೇಜ್‌ಮೇಕರ್, ಕನ್ನಡ ಬರೆಯುವ ಶ್ರೀಲಿಪಿ, ಹಳೆಯ ನುಡಿ ಅಕ್ಷರಗಳಲ್ಲಿ ಹದಿನೈದು ವರ್ಷ ಕೂಡಿಟ್ಟ ಕೆಲಸವೆಲ್ಲ ಅದರೊಳಗಿದೆ. ಹೊಸ ಯಂತ್ರಕ್ಕೆ ಹೋದರೆ ಒತ್ತಕ್ಷರ ಎಲ್ಲಿ ಕಳಚಿಕೊಳ್ಳುತ್ತದೋ ಹೇಳಲಾಗದು. ಹಾಗಾಗಿ ವಿಂಡೋಸ್ 7 ಇನ್ನೂ ಬದುಕಿದೆ. ಕೆಲವೆಡೆ ಎಕ್ಸ್‌ಪಿ ಕೂಡ. ಪುಟ ಕಟ್ಟುವುದಕ್ಕೆ ಅವು ಈಗಲೂ ಸಾಕು, ತಕರಾರು ಬರುವುದು ಇಂಟರ್ನೆಟ್ಟಿಗೆ ಹೋದಾಗ. ಮನೆಯ ಹಳೆಯ ಲ್ಯಾಪ್‌ಟಾಪಿಗೂ ಕೆಳಗಿನ ಕ್ರಮವೇ ಸಾಕು.

ಹೆಜ್ಜೆ 1: ತಪ್ಪು ಯಾರದೆಂದು ಗೊತ್ತುಮಾಡಿಕೊಳ್ಳಿ

ಅದೇ ತಾಣವನ್ನು ಮೊಬೈಲ್‌ನಲ್ಲಿ, ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ತೆರೆಯಿರಿ. ಅಲ್ಲಿಯೂ ಎಚ್ಚರಿಕೆ ಬಂದರೆ ತಾಣದವರೇ ತಮ್ಮ ಗುರುತಿನ ಪ್ರಮಾಣಪತ್ರ ನವೀಕರಿಸಲು ಮರೆತಿರಬಹುದು. ನೀವು ಮಾಡುವಂಥದ್ದೇನೂ ಇಲ್ಲ, ಕಾಯಿರಿ. ಮೊಬೈಲ್‌ನಲ್ಲಿ ಸಲೀಸಾಗಿ ತೆರೆದರೆ ಹುಳುಕು ನಿಮ್ಮ ಕಂಪ್ಯೂಟರ್‌ನಲ್ಲೋ ವೈಫೈಯಲ್ಲೋ ಇದೆ.

ಹೆಜ್ಜೆ 2: ಗಡಿಯಾರ ಸರಿಪಡಿಸಿ

ಭದ್ರ ಸಂಪರ್ಕವಿರುವ ಪ್ರತಿ ತಾಣವೂ ತನ್ನ ಗುರುತಿಗೆ ಒಂದು ಪ್ರಮಾಣಪತ್ರ ತೋರಿಸುತ್ತದೆ. ಅದರಲ್ಲಿ 'ಇಂಥ ದಿನದಿಂದ ಇಂಥ ದಿನದವರೆಗೆ' ಎಂದು ನಮೂದಾಗಿರುತ್ತದೆ. ಹಿಂದೆ ಎರಡು ಮೂರು ವರ್ಷ ನಡೆಯುತ್ತಿದ್ದ ಪತ್ರಗಳ ಅವಧಿಯನ್ನು 2020ರ ಸೆಪ್ಟೆಂಬರ್‌ನಿಂದ 398 ದಿನಕ್ಕೆ ಇಳಿಸಲಾಯಿತು. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಉಚಿತವಾಗಿ ಕೊಡುವ ಪತ್ರಗಳದ್ದು ಸಾಮಾನ್ಯವಾಗಿ 90 ದಿನ. ನಿಮ್ಮ ಕಂಪ್ಯೂಟರ್ 2009ರಲ್ಲಿ ಕುಳಿತಿದ್ದರೆ ಈ ವರ್ಷ ಬರೆದ ಪತ್ರ ಅದರ ಪಾಲಿಗೆ ಇನ್ನೂ ಹುಟ್ಟೇ ಇಲ್ಲ.

ವಿಂಡೋಸ್ 7ರಲ್ಲಿ ಮೂಲೆಯ ಸಮಯದ ಮೇಲೆ ಕ್ಲಿಕ್ ಮಾಡಿ, ತಾರೀಕು ಬದಲಿಸುವ ಕಿಟಕಿ ತೆರೆದು, 'ಇಂಟರ್ನೆಟ್ ಟೈಮ್' ಎಂಬಲ್ಲಿ 'ಅಪ್‌ಡೇಟ್ ನೌ' ಒತ್ತಿ. ಗಡಿಯಾರ ತೀರ ಹಿಂದಿದ್ದರೆ ಮೊದಲು ಕೈಯಾರೆ ತಾರೀಕು ಹಾಕಿ, ಬಳಿಕ ಇದನ್ನು ಮಾಡಿ. ಟೈಮ್ ಜೋನ್ ಭಾರತದ್ದೇ, ಅಂದರೆ ಐದೂವರೆ ಗಂಟೆ ಮುಂದಿನದೇ ಎಂಬುದನ್ನೂ ನೋಡಿಕೊಳ್ಳಿ.

ಮರುದಿನ ಮತ್ತೆ ತಾರೀಕು ಹಿಂದಕ್ಕೆ ಓಡಿದರೆ ಮದರ್‌ಬೋರ್ಡಿನ ಸೆಲ್ ಸತ್ತಿದೆ. ಸಿಆರ್ 2032 ಎಂದು ಕೇಳಿ. ಹಳೆಯ ಐದು ರೂಪಾಯಿ ನಾಣ್ಯದಂಥ 3 ವೋಲ್ಟಿನ ಸೆಲ್, ಒಂದು ಮಸಾಲೆ ದೋಸೆಗಿಂತ ಅಗ್ಗ. ವಿದ್ಯುತ್ ವೈರನ್ನು ಗೋಡೆಯಿಂದಲೇ ಕಿತ್ತು, ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ಬಿಚ್ಚಿ, ಸೆಲ್ ಹಿಡಿದಿರುವ ಚಿಕ್ಕ ಕೊಕ್ಕೆಯನ್ನು ಬೆರಳಲ್ಲಿ ಸರಿಸಿದರೆ ಅದು ತಾನೇ ಮೇಲೇಳುತ್ತದೆ. ಹೊಸದನ್ನು ಬರಹವಿರುವ ಕಡೆ ಮೇಲಾಗಿ ಕೂರಿಸಿ. ಅಂಗಡಿಯಲ್ಲಿ ನಾವು ಮಾಡಿದ್ದೂ ಇಷ್ಟೇ. ಆ ಮುಚ್ಚಳದೊಳಗಿದ್ದ ದೂಳು ಕೊಡವಲು ಹಿಡಿದ ಹೊತ್ತು ಸೆಲ್ ಬದಲಿಸಲು ಹಿಡಿಯಲಿಲ್ಲ. ಮೇಲ್ ತೆರೆಯಿತು.

ಹೆಜ್ಜೆ 3: ಸಂಕೇತದ ಕೊನೆಯ ಪದಗಳನ್ನು ಓದಿ

ಮೇಲ್ ಏನೋ ತೆರೆಯಿತು, ಆದರೆ ಮಾಲೀಕರು ಕಾಗದ ತರಿಸುವ ವ್ಯಾಪಾರಿಯ ತಾಣ ಹಟ ಬಿಡಲಿಲ್ಲ. ಈ ಸಲದ ಎಚ್ಚರಿಕೆಯೇ ಬೇರೆ. ಇಂಥ ಪುಟದ ಕೆಳಗೆ ಸಣ್ಣ ಅಕ್ಷರಗಳಲ್ಲಿ ಒಂದು ಉದ್ದನೆಯ ಸಂಕೇತವಿರುತ್ತದೆ. ಎಲ್ಲರೂ ಬಿಟ್ಟುಬಿಡುವ ಸಾಲು ಅದು, ರೋಗದ ಹೆಸರು ಇರುವುದೂ ಅಲ್ಲಿಯೇ.

'ಡೇಟ್ ಇನ್‌ವ್ಯಾಲಿಡ್' ಎಂದಿದ್ದರೆ ತಾರೀಕಿನ ತಂಟೆ, ಹೆಜ್ಜೆ 2ಕ್ಕೆ ಮರಳಿ.

'ವರ್ಷನ್ ಆರ್ ಸೈಫರ್ ಮಿಸ್‌ಮ್ಯಾಚ್' ಎಂದಿದ್ದರೆ ಭಾಷೆಯ ತಂಟೆ. ಬ್ರೌಸರ್ ಮತ್ತು ತಾಣ ಗುಟ್ಟಾಗಿ ಮಾತನಾಡಲು ಬಳಸುವ ನಿಯಮಾವಳಿಗೆ ಟಿಎಲ್‌ಎಸ್ ಎಂದು ಹೆಸರು. ಅದರ 1.0 ಆವೃತ್ತಿ 1999ರದು, 1.1 2006ರದು. ಪ್ರಮುಖ ಬ್ರೌಸರ್‌ಗಳು 2020ರಲ್ಲಿ ಇವೆರಡರ ಕೈಬಿಟ್ಟವು, 2021ರ ಮಾರ್ಚ್‌ನಲ್ಲಿ ಅಧಿಕೃತವಾಗಿಯೂ ನಿವೃತ್ತಿಯಾಯಿತು. ಈಗ ನಡೆಯುವುದು 2008ರ 1.2 ಮತ್ತು 2018ರ 1.3. ಎಕ್ಸ್‌ಪಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್ 8ಕ್ಕೆ ಬರುವುದು 1.0 ಮಾತ್ರ. ಹಳಗನ್ನಡವಷ್ಟೇ ಬಲ್ಲವರು ಬ್ಯಾಂಕಿನ ಕೌಂಟರ್ ಮುಂದೆ ನಿಂತ ಹಾಗೆ.

'ಅಥಾರಿಟಿ ಇನ್‌ವ್ಯಾಲಿಡ್' ಎಂದಿದ್ದರೆ ಪತ್ರಕ್ಕೆ ಸಹಿ ಹಾಕಿದವರು ಯಾರೆಂದು ನಿಮ್ಮ ಯಂತ್ರಕ್ಕೆ ಗೊತ್ತಿಲ್ಲ. ಅಂಗಡಿಯಲ್ಲಿ ಕಂಡದ್ದು ಇದೇ. ಯಾರ ಸಹಿಯನ್ನು ನಂಬಬೇಕೆಂಬ ಪಟ್ಟಿ ವಿಂಡೋಸ್‌ನಲ್ಲಿರುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಆಸರೆ ಪಡೆದಿದ್ದ ಹಳೆಯ ಮೂಲ ಪ್ರಮಾಣಪತ್ರದ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಅದರ ಜಾಗಕ್ಕೆ ಬಂದ ಹೊಸ ಸಹಿ, ನವೀಕರಣ ನಿಲ್ಲಿಸಿಟ್ಟ ಯಂತ್ರಗಳಿಗೆ ತಲುಪಲೇ ಇಲ್ಲ. ಇಲ್ಲಿ ಯಾರೋ 'ಕಂಪ್ಯೂಟರ್ ನಿಧಾನವಾಗುತ್ತದೆ' ಎಂದು ವಿಂಡೋಸ್ ಅಪ್‌ಡೇಟನ್ನು ವರ್ಷಗಳ ಹಿಂದೆಯೇ ಆರಿಸಿ ಹೋಗಿದ್ದರು.

ಹೆಜ್ಜೆ 4: ಬ್ರೌಸರ್ ಬದಲಿಸಿ

ಕ್ರೋಮ್‌ನಲ್ಲಿ ಮೂರು ಚುಕ್ಕಿ ಒತ್ತಿ, 'ಹೆಲ್ಪ್' ಒಳಗಿನ 'ಅಬೌಟ್' ತೆರೆದರೆ ಆವೃತ್ತಿ ಕಾಣಿಸುತ್ತದೆ. ಹೊಸದಿದ್ದರೆ ತಾನೇ ಇಳಿಸಿಕೊಳ್ಳುತ್ತದೆ. ಆದರೆ ವಿಂಡೋಸ್ 7ಕ್ಕೆ ಕ್ರೋಮ್ 2023ರ ಜನವರಿಯ 109ನೇ ಆವೃತ್ತಿಗೇ ನಿಂತುಹೋಗಿದೆ. ಎಕ್ಸ್‌ಪಿಗಂತೂ 2016ರ 49ಕ್ಕೇ. ವಿಂಡೋಸ್ 7 ಇರುವವರಿಗೆ ನಾನು ಹೇಳುವುದು ಫೈರ್‌ಫಾಕ್ಸ್‌ನ 115ನೇ ಇಎಸ್‌ಆರ್, ಅಂದರೆ ಹೆಚ್ಚು ಕಾಲ ಬೆಂಬಲ ಸಿಗುವ ಆವೃತ್ತಿ. ಕ್ರೋಮ್ ನಿಂತ ಮೇಲೂ ಅದಕ್ಕೆ ಭದ್ರತಾ ದುರಸ್ತಿಗಳು ಬರುತ್ತಿದ್ದವು. ಇನ್ನೊಂದು ಅನುಕೂಲವೂ ಇದೆ: ನಂಬಿಕಸ್ತರ ಪಟ್ಟಿಯನ್ನು ಫೈರ್‌ಫಾಕ್ಸ್ ವಿಂಡೋಸ್‌ನಿಂದ ಕೇಳುವುದಿಲ್ಲ, ತನ್ನದನ್ನೇ ಜೊತೆಗೆ ತರುತ್ತದೆ. ಅದನ್ನು ಹಾಕಿದ ಕೂಡಲೇ ಕಾಗದದ ವ್ಯಾಪಾರಿಯ ತಾಣ ಬಾಗಿಲು ತೆರೆಯಿತು.

ಇಳಿಸಿಕೊಳ್ಳುವುದು ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದ ಸ್ವಂತ ತಾಣದಿಂದ ಮಾತ್ರ. ಯಾವುದೋ ಪುಟದ ನಡುವೆ 'ನಿಮ್ಮ ಬ್ರೌಸರ್ ಹಳತಾಗಿದೆ, ಇಲ್ಲಿ ಒತ್ತಿ' ಎಂದು ಮಿನುಗುವ ಫಲಕ ಬಂದರೆ ಒತ್ತಬೇಡಿ. ವೈರಸ್ ಹಂಚುವವರ ಹಳೆಯ ವರಸೆ ಅದು. ಹಳೆಯ ಬ್ರೌಸರ್‌ನಲ್ಲಿ ಮೊಜಿಲ್ಲಾದ ತಾಣವೇ ತೆರೆಯದಿದ್ದರೆ ಬೇರೆ ಕಂಪ್ಯೂಟರ್‌ನಲ್ಲಿ ಇಳಿಸಿ ಪೆನ್‌ಡ್ರೈವ್‌ನಲ್ಲಿ ತನ್ನಿ. ಡಿಟಿಪಿ ಅಂಗಡಿಯ ಪೆನ್‌ಡ್ರೈವ್ ಬೇಡ. ಊರಿನ ಅರ್ಧ ವೈರಸ್ ಅದರಲ್ಲಿಯೇ ಓಡಾಡುತ್ತಿರುತ್ತದೆ.

ಹೆಜ್ಜೆ 5: 'ಆದರೂ ಮುಂದುವರಿಯಿರಿ' ಒತ್ತುವ ಮುನ್ನ

ಎಚ್ಚರಿಕೆಯ ಪುಟದ 'ಅಡ್ವಾನ್ಸ್ಡ್' ಒಳಗೆ ಮುಂದುವರಿಯುವ ಕೊಂಡಿ ಇರುತ್ತದೆ. ಹಬ್ಬದ ತಾರೀಕು ನೋಡುವುದಕ್ಕೋ ಅಡುಗೆ ಓದುವುದಕ್ಕೋ ಒತ್ತಿದರೆ ದೊಡ್ಡ ನಷ್ಟವೇನಿಲ್ಲ. ಪಾಸ್‌ವರ್ಡ್, ಒಟಿಪಿ, ಕಾರ್ಡ್ ಸಂಖ್ಯೆ, ಆಧಾರ್ ಕೇಳುವ ಕಡೆ ಬೇಡವೇ ಬೇಡ. ನಡುವೆ ಯಾರೋ ಕುಳಿತು ಕದ್ದು ಓದುತ್ತಿದ್ದರೂ ಬರುವುದು ಇಂಥದೇ ಎಚ್ಚರಿಕೆ; ನೋಡಿ ವ್ಯತ್ಯಾಸ ಹೇಳಲು ನಿಮಗೂ ಆಗದು, ನನಗೂ ಆಗದು. ಕೆಲವು ತಾಣಗಳಲ್ಲಿ ಆ ಕೊಂಡಿಯೇ ಇರುವುದಿಲ್ಲ. ಅದು ಅವರು ಬೇಕೆಂದೇ ಮಾಡಿದ ಏರ್ಪಾಡು.

ಇಷ್ಟಾದರೂ ವಿಂಡೋಸ್ 7 ಮುದುಕನೇ. ಮಾಮೂಲಿ ಭದ್ರತಾ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು. ವಿಂಡೋಸ್ 10ರದ್ದೂ 2025ರ ಅಕ್ಟೋಬರ್ 14ಕ್ಕೆ. ಮನೆಯ ಹಳೆಯ ಲ್ಯಾಪ್‌ಟಾಪ್ ಆದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿಸಿ, ಬ್ರೌಸರ್ ಹೊಸದಾಗಿರುತ್ತದೆ. ಶ್ರೀಲಿಪಿ ನಂಬಿದವರಿಗೆ ಆ ದಾರಿ ಇಲ್ಲ. ಅವರಿಗೆ ನನ್ನ ಸಲಹೆ, ಆ ಯಂತ್ರವನ್ನು ಪುಟ ಕಟ್ಟುವುದಕ್ಕೆ ಮಾತ್ರ ಇಟ್ಟುಕೊಂಡು ಇಂಟರ್ನೆಟ್ಟಿನ ಕೆಲಸವನ್ನು ಮೊಬೈಲಿಗೆ ಬಿಡಿ. ಗಿರಾಕಿ ಕಳಿಸಿದ ಫೋಟೊ ಮೊಬೈಲಿಗೆ ಬರಲಿ, ಅಲ್ಲಿಂದ ಯುಎಸ್‌ಬಿ ಕೇಬಲ್ ಚುಚ್ಚಿ ನಕಲಿಸಿಕೊಳ್ಳಿ.

ಅಂಗಡಿಯ ಮಾಲೀಕರು ಮೊದಲು ಒಪ್ಪಲಿಲ್ಲ. ಪತ್ರಿಕೆ ತರಲು ವಾರದ ಮೇಲೆ ಹೋದಾಗ, ಕಂಪ್ಯೂಟರಿನ ನೀಲಿ ನೆಟ್ ಕೇಬಲ್ ಸುರುಳಿ ಸುತ್ತಿಕೊಂಡು ಗೋಡೆಯ ಕ್ಯಾಲೆಂಡರಿನ ಮೊಳೆಗೆ ನೇತಾಡುತ್ತಿತ್ತು.