ಮಗಳ ಆಟಿಸಂ ವರದಿ: ಶಾಲೆಯಲ್ಲಿ ಯಾರಿಗೆ, ಎಷ್ಟು ಹೇಳಿದೆ

ಮಗಳಿಗೆ ಆಟಿಸಂ ಇದೆ ಎಂದು ಗೊತ್ತಾದಾಗ, ಶಾಲೆಗೆ ಹೇಳೋದು ಬೇಡ ಎಂದವರೇ ನಮ್ಮ ಕಡೆ ಜಾಸ್ತಿ. ಅವ್ವನಿಗೆ ಮುಂದೆ ಮದುವೆ ಸಂಬಂಧ ತಪ್ಪೀತೆಂಬ ಚಿಂತೆ. ಭಾವನಿಗೆ ಶಾಲೆಯವರು ಅವಳನ್ನು ಮೂಲೆಗೆ ಕೂರಿಸಿಬಿಟ್ಟಾರೆಂಬ ಹೆದರಿಕೆ. ನನ್ನ ಹೆಂಡತಿಯದು ಒಂದೇ ಮಾತು: "ನಾವು ಹೇಳ್ದೆ ಇದ್ರೆ ದಿನಾ ಅವಳೊಬ್ಬಳೇ ಸಹಿಸ್ಕೋಬೇಕಲ್ವಾ?" ಅದಕ್ಕೆ ಯಾರ ಬಳಿಯೂ ಉತ್ತರ ಇರಲಿಲ್ಲ. ಹೇಳುವುದೆಂದು ತೀರ್ಮಾನವಾಯಿತು. ಆದರೆ ಮೊದಲು ಯಾರಿಗೆ, ಎಷ್ಟು ಎನ್ನುವುದಕ್ಕೆ ಸಾಕಷ್ಟು ತಲೆ ಕೆಡಿಸಿಕೊಂಡೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾವಿರೋದು ಮಡಿಕೇರಿ ತಾಲೂಕಿನ ಒಂದು ಹಳ್ಳಿಯಲ್ಲಿ. ನಾನು ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ, ಹಾಜರಿ ಬರೆಯುವವನು. ಮಗಳು ಹೋಗುವುದು ಸರ್ಕಾರಿ ಕನ್ನಡ ಶಾಲೆಗೆ. ಆಗ ಅವಳು ಎರಡನೇ ಕ್ಲಾಸು. ಓದು ಬರಹಕ್ಕೆ ಏನೂ ಕೊರತೆ ಇರಲಿಲ್ಲ. ಟೀಚರ್ ಯಾವಾಗಲೂ "ಒಳ್ಳೆ ಹುಡುಗಿ, ಶಬ್ದವೇ ಇಲ್ಲ" ಎನ್ನುತ್ತಿದ್ದರು. ಮನೆಗೆ ಬಂದ ತಕ್ಷಣ ಕಥೆಯೇ ಬೇರೆ. ಬ್ಯಾಗ್ ಎಸೆದು, ಸಾಕ್ಸ್ ಕಿತ್ತು ಬಿಸಾಕಿ, ಮಂಚದ ಕೆಳಗೆ ತೂರಿಕೊಂಡು ಕಿರುಚಾಟ. ಮುಟ್ಟಲು ಹೋದರೆ ಇನ್ನೂ ಜೋರು. ಹೆಣ್ಣುಮಗು ಸುಮ್ಮನಿದ್ದರೆ ಎಲ್ಲರೂ ನಾಚಿಕೆ ಎಂದು ಬಿಟ್ಟುಬಿಡುತ್ತಾರೆ. ಹುಡುಗಿಯರಲ್ಲಿ ಆಟಿಸಂ ತಡವಾಗಿ ಗೊತ್ತಾಗುವುದಕ್ಕೆ ಇದೂ ಒಂದು ಕಾರಣ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆವು. ಆಟಿಸಂ ಇದೆಯೋ ಇಲ್ಲವೋ ಹೇಳಲು ರಕ್ತ ಪರೀಕ್ಷೆಯಾಗಲಿ ಸ್ಕ್ಯಾನಿಂಗ್ ಆಗಲಿ ಇಲ್ಲ. ಮಗುವನ್ನು ಆಡಿಸುತ್ತಾ, ಮಾತಾಡಿಸುತ್ತಾ ನೋಡುತ್ತಾರೆ. ಅಪ್ಪ ಅಮ್ಮನ ಹತ್ತಿರ ಹುಟ್ಟಿದಾಗಿನಿಂದ ಎಲ್ಲವನ್ನೂ ಕೇಳುತ್ತಾರೆ. ಮನೆಯಲ್ಲಿ ನಮ್ಮ ಕೊಡಗಿನ ಅರೆಭಾಷೆ, ಶಾಲೆಯಲ್ಲಿ ಕನ್ನಡ, ಅದರಿಂದಲೇ ಹೀಗಾಯಿತು ಎಂದು ಊರಲ್ಲಿ ಕೆಲವರು ಹೇಳಿದ್ದರು. ಎರಡು ಭಾಷೆ ಕೇಳಿದ್ದರಿಂದ ಆಟಿಸಂ ಬರುವುದಿಲ್ಲ, ಮನೆಮಾತು ಬಿಡಬೇಕಾಗಿಲ್ಲ ಎಂದು ತಿಳಿದ ಮೇಲೆ ಹೆಚ್ಚು ಖುಷಿಪಟ್ಟದ್ದು ಅವ್ವ. ಮೊಮ್ಮಗಳ ಹತ್ತಿರ ಬೇರೆ ಭಾಷೆ ಮಾತಾಡೋದು ಅವಳಿಂದ ಆಗುವ ಕೆಲಸವೂ ಅಲ್ಲ.

ವರದಿ ಇಂಗ್ಲಿಷಿನಲ್ಲಿತ್ತು. ನಾನು ಅದನ್ನು ಇನ್ನೊಬ್ಬರು ಓದುವ ಹಾಗೆ ಓದಿ ನೋಡಿದೆ. ಹೆರಿಗೆಯ ವಿವರ ಇದೆ. ಮನೆತನದಲ್ಲಿ ಯಾರಿಗಾದರೂ ಮಾನಸಿಕ ತೊಂದರೆ ಇತ್ತಾ ಎಂದು ಕೇಳಿದ್ದಕ್ಕೆ ನಾವು ಕೊಟ್ಟ ಉತ್ತರ ಇದೆ. ಪರೀಕ್ಷೆಗಳ ಹೆಸರು, ಅಂಕ ಎಲ್ಲಾ ಇದೆ. ಆದರೆ ಮಳೆ ಜೋರಾದಾಗ ಅವಳು ಕಿವಿ ಮುಚ್ಚಿಕೊಳ್ಳುತ್ತಾಳೆ, ಆಗ ಏನು ಮಾಡಬೇಕು ಎನ್ನುವುದಿಲ್ಲ. ಅದು ಇರಬೇಕಾದ ಜಾಗವೂ ಅದಲ್ಲ ಬಿಡಿ. ಟೀಚರಿಗೆ ಬೇಕಾದ್ದು ಮಾತ್ರ ಅದೇ. ಹೆಂಡತಿಯ ಹೆರಿಗೆ ವಿಚಾರ ಶಾಲೆಯ ಬೀರುವಿನಲ್ಲಿ ಇರಬೇಕಾದ ಅಗತ್ಯ ನನಗೆ ಕಾಣಲಿಲ್ಲ. ಹಾಗಾಗಿ ಶಾಲೆಗೆ ಕೊಡುವುದಕ್ಕೆಂದು ಬೇರೆ ಪತ್ರ ಕೊಡಿ ಎಂದು ಕೇಳಿಕೊಂಡೆವು. ಮಗುವಿಗೆ ಏನಿದೆ, ತರಗತಿಯಲ್ಲಿ ಯಾವ ಅನುಕೂಲ ಬೇಕು ಎಂದಷ್ಟೇ ಅದರಲ್ಲಿತ್ತು. ಪೂರ್ತಿ ವರದಿ ಮನೆಯಲ್ಲೇ ಉಳಿಯಿತು. ಇದನ್ನು ಎಲ್ಲರಿಗೂ ಹೇಳುತ್ತೇನೆ: ಜೆರಾಕ್ಸ್ ಮಾಡಿಸುವ ಮೊದಲು ಪ್ರತಿ ಪುಟವನ್ನೂ ಓದಿ.

ಇನ್ನು ಯಾರ ಕೈಗೆ ಕೊಡೋದು? ನಮ್ಮ ಸರ್ಕಾರಿ ಶಾಲೆಗಳಲ್ಲಿ ವಿಶೇಷ ಶಿಕ್ಷಕರು ಅಲ್ಲೇ ಕೂತಿರುವುದಿಲ್ಲ. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯ ಅಡಿ ಬ್ಲಾಕ್ ಮಟ್ಟದಲ್ಲಿ ಬಿಐಇಆರ್‌ಟಿ ಎಂದು ಇರುತ್ತಾರೆ. ಸಮನ್ವಯ ಶಿಕ್ಷಣ, ಅಂದರೆ ವಿಶೇಷ ಅಗತ್ಯದ ಮಕ್ಕಳೂ ಎಲ್ಲರ ಜೊತೆ ಓದುವುದನ್ನು ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕರು. ಶಾಲೆಯಿಂದ ಶಾಲೆಗೆ ಓಡಾಡುವುದು ಅವರ ಕೆಲಸ. ತಾಲೂಕಿನ ಅಷ್ಟೂ ಶಾಲೆಗೆ ಬೆರಳೆಣಿಕೆಯ ಜನ. ಕೊಡಗಿನ ರಸ್ತೆ, ಬಸ್ಸು ಗೊತ್ತಲ್ಲ. ನಮ್ಮ ಶಾಲೆಗೆ ಅವರು ಬರುವ ದಿನಕ್ಕೆ ಕಾಯುತ್ತಾ ಕೂರುವ ಬದಲು ನಾನೇ ಮಡಿಕೇರಿಯ ಬಿಆರ್‌ಸಿಗೆ (ಬ್ಲಾಕ್ ಸಂಪನ್ಮೂಲ ಕೇಂದ್ರಕ್ಕೆ) ಹೋಗಿ ಆ ಸಂಪನ್ಮೂಲ ಶಿಕ್ಷಕಿ ಮೇಡಂ ಅವರನ್ನು ಕಂಡೆ. ಹೆಡ್‌ಮಾಸ್ಟರಿಗೆ ಮೊದಲೇ ತಿಳಿಸಿದ್ದೆ. ಅವರನ್ನು ಬಿಟ್ಟು ಮೇಲಿನವರ ಹತ್ತಿರ ಹೋದರೆ ದೂರು ಕೊಡಲು ಹೋದ ಹಾಗೆ ಕಾಣುತ್ತದೆ. ಕ್ಲಾಸ್ ಟೀಚರಿಗೆ ಮಾತ್ರ ಆಮೇಲೆ, ಮೇಡಂ ಎದುರಿಗೇ ಹೇಳೋಣ ಎಂದುಕೊಂಡೆ. ಟೀಚರಿಗೆ ಪ್ರಶ್ನೆಗಳು ಬಂದೇ ಬರುತ್ತವೆ. ಅಪ್ಪ ಹೇಳಿದರೆ ಮುದ್ದಿಗೆ ಹೇಳ್ತಾನೆ ಅನ್ನಿಸುತ್ತದೆ. ಅದೇ ಕೆಲಸ ಮಾಡುವವರು ಹೇಳಿದರೆ ಬೇರೆ.

ಮೇಡಂ ಅವರಿಗೆ ಮೈಸೂರಿನ ಪತ್ರದ ಜೊತೆ ನಾನೇ ಕನ್ನಡದಲ್ಲಿ ಬರೆದ ಒಂದು ಹಾಳೆ ಕೊಟ್ಟೆ. ಈ ಹಾಳೆಯೇ ಮುಖ್ಯ. ತೋಟದ ಚೆಕ್‌ರೋಲ್ (ಕೆಲಸದವರ ಹಾಜರಿ ಪುಸ್ತಕ) ಬರೆಯುವ ಹಾಗೆ, ಕೆಲವು ವಾರ ಸಂಜೆ ಕೂತು ಆ ದಿನ ಏನಾಯಿತು, ಅದಕ್ಕೆ ಮುಂಚೆ ಏನಾಗಿತ್ತು ಎಂದು ಬರೆದಿಟ್ಟುಕೊಂಡಿದ್ದೆ. ಅದರಿಂದ ಹೆಕ್ಕಿದ್ದು. "ಗಲಾಟೆ ಮಾಡುತ್ತಾಳೆ" ಎಂದು ಬರೆದರೆ ಯಾರಿಗೂ ಪ್ರಯೋಜನವಿಲ್ಲ. ನಾನು ಬರೆದದ್ದು ಹೀಗೆ:

"ಒದ್ದೆ ಸಾಕ್ಸ್ ಹಾಕಿಕೊಂಡು ಕೂರಲು ಅವಳಿಂದ ಆಗುವುದಿಲ್ಲ. ಬ್ಯಾಗಿನಲ್ಲಿ ಒಣ ಸಾಕ್ಸ್ ಇರುತ್ತದೆ, ಬದಲಾಯಿಸಲು ಬಿಡಿ. ಅನ್ನ, ಸಾಂಬಾರ್ ಬೇರೆ ಬೇರೆ ಹಾಕಿದರೆ ಊಟ ಮಾಡುತ್ತಾಳೆ, ಕಲಸಿ ಕೊಟ್ಟರೆ ಮುಟ್ಟುವುದಿಲ್ಲ. ಮೊಟ್ಟೆ ಕೊಡುವ ದಿನ ವಾಸನೆಗೆ ವಾಂತಿ ಬರುತ್ತದೆ. ಬಾಳೆಹಣ್ಣು ಕೊಡಿ, ಬಾಗಿಲ ಹತ್ತಿರ ಕೂರಿಸಿ. 'ಎಲ್ಲರೂ ಪುಸ್ತಕ ತೆಗೀರಿ' ಎಂದರೆ ತನಗೂ ಸೇರಿಸಿ ಹೇಳಿದ್ದು ಎಂದು ಅವಳಿಗೆ ಹೊಳೆಯುವುದಿಲ್ಲ. ಹೆಸರು ಹಿಡಿದು ಹೇಳಿ. ಮುಖ ನೋಡದಿದ್ದರೂ ಕೇಳಿಸಿಕೊಳ್ಳುತ್ತಿರುತ್ತಾಳೆ. ಚಿತ್ರ ತೋರಿಸಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಹಕ್ಕಿಗಳ ಹೆಸರು ಅವಳಿಗೆ ನಮಗಿಂತ ಜಾಸ್ತಿ ಗೊತ್ತು."

ಕೊನೆಯ ಸಾಲನ್ನು ಬೇಕೆಂದೇ ಸೇರಿಸಿದೆ. ಹಾಳೆ ತುಂಬ ತೊಂದರೆಗಳೇ ಇದ್ದರೆ ಓದಿದವರಿಗೆ ಮಗು ಕಾಣಿಸುವುದಿಲ್ಲ. ಎರಡು ಬದಿ ತುಂಬಿಸಬೇಡಿ. ಒಂದು ಬದಿ ದಾಟಿದರೆ ಯಾರೂ ಓದಲ್ಲ.

ಒಂದು ಸಂಜೆ ನಾಲ್ಕೂವರೆ ಮೇಲೆ, ಮಕ್ಕಳೆಲ್ಲ ಹೋದ ನಂತರ, ಹೆಡ್‌ಮಾಸ್ಟರ್ ರೂಮಿನಲ್ಲಿ ಕೂತೆವು. ಮಗಳನ್ನು ಅವ್ವನ ಹತ್ತಿರ ಬಿಟ್ಟು ಹೋಗಿದ್ದೆವು. ಅವಳ ಎದುರಿಗೇ ಅವಳ ಬಗ್ಗೆ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ. ಬೇರೆಲ್ಲೋ ನೋಡುತ್ತಾ ಇರುತ್ತಾಳೆ, ಆದರೆ ಒಂದಕ್ಷರ ಬಿಡದೆ ಕೇಳಿಸಿಕೊಂಡಿರುತ್ತಾಳೆ.

ಟೀಚರ್ ಮೊದಲು ಹೇಳಿದ್ದು ನಾವು ನಿರೀಕ್ಷಿಸಿದ್ದನ್ನೇ. "ಇಲ್ಲಿ ಏನೂ ತೊಂದರೆ ಇಲ್ವಲ್ಲ ಸರ್? ಮನೇಲಿ ಸ್ವಲ್ಪ ಮುದ್ದು ಜಾಸ್ತಿ ಆಗಿರಬೇಕು." ಹೆಂಡತಿಯ ಮುಖ ಸಣ್ಣಗಾಯಿತು. ಆಗ ಮೇಡಂ ಹೇಳಿದ ಮಾತು ನನಗೆ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಕೆಲವು ಮಕ್ಕಳು ಶಾಲೆಯಲ್ಲಿ ಇಡೀ ದಿನ ತಡೆದುಕೊಂಡು, ತಮ್ಮವರು ಎನ್ನುವ ಜಾಗಕ್ಕೆ ಬಂದ ಮೇಲೆ ಬಿಡುತ್ತಾರೆ, ಮನೆಯಲ್ಲಿ ಕಾಣುವ ಗಲಾಟೆ ಶಾಲೆಯಲ್ಲಿ ಸೇರಿಸಿಟ್ಟದ್ದೂ ಆಗಿರಬಹುದು ಎಂದರು. ಆಮೇಲೆ ಟೀಚರನ್ನೇ ಕೇಳಿದರು: "ಅವಳು ಬಟ್ಟೆ, ಪೆನ್ಸಿಲ್ ಏನಾದ್ರೂ ಕಚ್ತಾಳಾ?" ಟೀಚರ್ ಸ್ವಲ್ಪ ಯೋಚಿಸಿ, "ಸ್ವೆಟರ್ ತೋಳು ಬಾಯಲ್ಲೇ ಇರುತ್ತೆ. ಮಧ್ಯಾಹ್ನದ ಮೇಲೆ ಪೂರ್ತಿ ಒದ್ದೆ" ಎಂದರು. ಯಾವಾಗ ಶುರುವಾಗುತ್ತದೆ ಎಂದು ಕೇಳಿದಾಗ ಅವರೇ ಲೆಕ್ಕ ಹಾಕಿದರು. ಊಟದ ಗದ್ದಲ ಆದ ಮೇಲೆ, ಪಿಟಿ ಸೀಟಿ ಊದಿದ ಮೇಲೆ. ಅಲ್ಲಿಂದ ಮಾತಿನ ದಾರಿಯೇ ಬದಲಾಯಿತು. ತೋಳು ಬಾಯಿಗೆ ಹೋದರೆ ಅವಳಿಗೆ ಸಾಕಾಗಿದೆ ಎಂದು ತಿಳಿಯಬೇಕು, ಆಫೀಸಿಗೆ ಹಾಜರಿ ಪುಸ್ತಕ ಕೊಟ್ಟು ಬಾ ಎಂದು ಹೊರಗೆ ಕಳಿಸಬೇಕು ಎಂದು ಮಾತಾಯಿತು. ಇದು ಟೀಚರದ್ದೇ ಐಡಿಯಾ. ಶಿಕ್ಷೆ ಎಂದು ಯಾರಿಗೂ ಅನಿಸುವುದಿಲ್ಲ, ಅವಳಿಗೆ ಐದು ನಿಮಿಷ ಗಾಳಿ ಸಿಗುತ್ತದೆ.

ಆಟಿಸಂ ಎಂಬ ಹೆಸರು ಹೇಳಿದ್ದು ಈ ಮೂವರಿಗೆ ಮಾತ್ರ. ಅಡುಗೆ ಮಾಡುವ ಅಕ್ಕನಿಗೆ ಅನ್ನ ಸಾಂಬಾರ್ ಬೇರೆ ಹಾಕಿ ಎಂದರೆ ಸಾಕು. ಜೀಪಿನ ಅಣ್ಣನಿಗೆ, ಹಾಡು ಸಣ್ಣಗೆ ಹಾಕಿ, ಕಿಟಕಿ ಪಕ್ಕದ ಸೀಟು ಅವಳಿಗೇ ಇರಲಿ ಎಂದರೆ ಸಾಕು. ಕಾರಣ ಕೇಳಿದರೆ "ಅವಳಿಗೆ ಶಬ್ದ ಆಗಲ್ಲ" ಎಂದೆ, ಸುಳ್ಳೇನೂ ಅಲ್ಲವಲ್ಲ. ನಮ್ಮ ಕಡೆ ಒಬ್ಬರ ಕಿವಿಗೆ ಬಿದ್ದ ಮಾತು ಶುಕ್ರವಾರ ಮಡಿಕೇರಿ ಸಂತೆಯಲ್ಲಿ ನಮ್ಮನ್ನೇ ಎದುರುಗೊಳ್ಳುತ್ತದೆ. ನಾಚಿಕೆಯಿಂದ ಮುಚ್ಚಿಟ್ಟದ್ದಲ್ಲ. ದೊಡ್ಡವಳಾದ ಮೇಲೆ ತನ್ನ ವಿಷಯ ಯಾರಿಗೆ ಹೇಳಬೇಕು ಎಂದು ತೀರ್ಮಾನಿಸಲು ಅವಳಿಗೂ ಏನಾದರೂ ಉಳಿದಿರಬೇಕು.

ಆದರೂ ಒಮ್ಮೆ ಸೋರಿತು. ಬದಲಿಗೆ ಬಂದ ಒಬ್ಬ ಟೀಚರ್ ಕ್ಲಾಸಿನಲ್ಲೇ "ಅವಳಿಗೆ ಏನೋ ಕಾಯಿಲೆಯಂತೆ, ಮುಟ್ಟಬೇಡಿ" ಎಂದುಬಿಟ್ಟರು. ಮರುದಿನ ಹೆಡ್‌ಮಾಸ್ಟರನ್ನು ಕಂಡೆ. ಜಗಳ ಮಾಡಲಿಲ್ಲ. ಕಾಯಿಲೆ ಅಲ್ಲ, ಅಂಟುವುದೂ ಇಲ್ಲ ಎಂದು ಮಕ್ಕಳಿಗೆ ಹೇಳಿಸಿ, ಇನ್ನು ಮುಂದೆ ಹಾಳೆ ಯಾರ ಹತ್ತಿರ ಇರುತ್ತದೆ ಎಂದು ನನಗೆ ತಿಳಿಸಿ ಎಂದು ಕೇಳಿದೆ. ಕ್ಲಾಸ್ ಟೀಚರ್ ಮಕ್ಕಳಿಗೆ ಚೆನ್ನಾಗಿ ಹೇಳಿದರು. ಒಬ್ಬೊಬ್ಬರಿಗೆ ಒಂದೊಂದು ಕಷ್ಟ, ಇವಳಿಗೆ ದೊಡ್ಡ ಶಬ್ದ ಕಷ್ಟ. ಅಷ್ಟೇ.

ಮಳೆಗಾಲದ ವಿಷಯ ಮಾತ್ರ ಬೇರೆ ಊರಿನವರಿಗೆ ಅರ್ಥವಾಗುವುದು ಕಷ್ಟ. ಜುಲೈಯಲ್ಲಿ ಶೀಟಿನ ಮಾಡಿನ ಮೇಲೆ ಮಳೆ ಹೊಡೆದರೆ ಟೀಚರ್ ಮಾತು ಎರಡನೇ ಬೆಂಚಿಗೂ ಕೇಳಿಸುವುದಿಲ್ಲ. ನಮ್ಮ ಶಾಲೆಯಲ್ಲಿ ಹಂಚಿನ ಮಾಡಿನ ಒಂದು ಹಳೇ ಕೋಣೆ ಇದೆ. ಮಳೆ ಜೋರಾದಾಗ ಅವಳ ಕ್ಲಾಸನ್ನು ಅಲ್ಲಿಗೆ ಬದಲಾಯಿಸಿದರು. ಎಲ್ಲ ಮಕ್ಕಳಿಗೂ ಅನುಕೂಲವಾಯಿತು. ಆದರೆ ಅದಕ್ಕಿಂತ ದೊಡ್ಡ ತಲೆನೋವು ರಜೆ. ಬೆಳಿಗ್ಗೆ ಯೂನಿಫಾರ್ಮ್ ಹಾಕಿ, ಜಡೆ ಕಟ್ಟಿ ಆದ ಮೇಲೆ ಮೊಬೈಲಿಗೆ ಜಿಲ್ಲಾಧಿಕಾರಿಗಳ ಆದೇಶ ಬರುತ್ತದೆ. ಬೇರೆ ಮಕ್ಕಳು ಕುಣಿಯುತ್ತವೆ. ಇವಳಿಗೆ ಆಕಾಶವೇ ಕಳಚಿ ಬೀಳುತ್ತದೆ. ಮತ್ತೆ ಆ ರಜೆಯನ್ನು ತುಂಬಿಸಲು ಅರ್ಧ ದಿನದ ಶನಿವಾರ ಪೂರ್ತಿ ದಿನವಾಗುತ್ತದೆ. ಅದೂ ಅವಳ ಲೆಕ್ಕದಲ್ಲಿ ಅನ್ಯಾಯವೇ.

ಮೇಡಂಗೆ ಇದನ್ನು ಹೇಳಿದಾಗ ದಿನದ ಕೆಲಸಗಳನ್ನು ಚಿತ್ರದ ಕಾರ್ಡುಗಳಲ್ಲಿ ಜೋಡಿಸುವುದನ್ನು ತೋರಿಸಿಕೊಟ್ಟರು. ಜೀಪು, ಪ್ರಾರ್ಥನೆ, ಕನ್ನಡ, ಊಟ, ಆಟ, ಮನೆ. ಜೊತೆಗೆ ಒಂದು ಕೊಡೆಯ ಚಿತ್ರ: ಮಳೆ ರಜೆ. ಜೂನ್ ಬಂತೆಂದರೆ ರಾತ್ರಿಯೇ ಎರಡು ಸಾಲು ಮಾಡಿಡುತ್ತೇವೆ, ಶಾಲೆ ಇದ್ದರೆ ಇದು, ಕೊಡೆ ಬಂದರೆ ಅದು. ಕೊಡೆ ಸಾಲಿನಲ್ಲೂ ಕೆಲಸ ಇರುತ್ತದೆ: ಯೂನಿಫಾರ್ಮ್ ಬಿಚ್ಚಿ ಮಡಿಸೋದು, ಅಜ್ಜಿ ಜೊತೆ ಅಕ್ಕಿ ಆರಿಸೋದು, ಹಕ್ಕಿ ಪುಸ್ತಕ. ಶಾಲೆಯಲ್ಲೂ ಅದೇ ಕಾರ್ಡು ಇದೆ, ಶನಿವಾರ ಬದಲಾದರೆ ಟೀಚರ್ ಗುರುವಾರವೇ ತೋರಿಸುತ್ತಾರೆ. ಅಳು ಪೂರ್ತಿ ನಿಂತಿಲ್ಲ. ಆದರೆ ಇಡೀ ಬೆಳಿಗ್ಗೆ ಹೋಗುತ್ತಿದ್ದದ್ದು ಈಗ ಬೇಗ ಮುಗಿಯುತ್ತದೆ.

ಕಾಗದದ ಕೆಲಸ ಇದರಿಂದ ಬೇರೆ. ಶಾಲೆಯಲ್ಲಿ ಅನುಕೂಲ ಮಾಡಿಕೊಡಲು ಅಂಗವಿಕಲರ ಗುರುತಿನ ಚೀಟಿ ಬರಲಿ ಎಂದು ಕಾಯಬೇಕಾಗಿಲ್ಲ. ನಾವು ಕಾಯಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಕೂಡ ಒಂದು. ಮಗುವನ್ನು ಭೇದ ಮಾಡದೆ ಸೇರಿಸಿಕೊಂಡು, ಅವರವರ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಬೇಕೆಂದು ಅದರ 16ನೇ ಸೆಕ್ಷನ್ ಹೇಳುತ್ತದೆ. ಆದರೆ ಸವಲತ್ತುಗಳಿಗೆ ಆ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡು ಬೇಕು. ಅದಕ್ಕೆ ಆಟಿಸಂ ಎಷ್ಟಿದೆ ಎಂದು ಐಎಸ್ಎಎ ಎಂಬ ಅಳತೆಯಲ್ಲಿ ನೋಡುತ್ತಾರೆ. 40 ಅಂಶ, ಪ್ರತಿಯೊಂದಕ್ಕೂ 1ರಿಂದ 5 ಅಂಕ. ಸವಲತ್ತುಗಳಿಗೆ ಸಾಮಾನ್ಯವಾಗಿ ಶೇಕಡಾ 40 ಅಂಗವೈಕಲ್ಯ ಇರಬೇಕು. ಸಮಗ್ರ ಶಿಕ್ಷಣದಲ್ಲಿ ವಿಶೇಷ ಅಗತ್ಯದ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳು ಪ್ರೋತ್ಸಾಹಧನ ಇದೆ. ದೊಡ್ಡ ಮೊತ್ತ ಅಲ್ಲ. ಆದರೆ ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯ ಕೇಳುವಾಗ ದಾಖಲೆ ಬೇಕಾಗುತ್ತದೆ. ಹಾಗಾಗಿ ಅವ್ವನನ್ನು ಒಪ್ಪಿಸಿ ಮಾಡಿಸಿದೆವು. ಕಾರ್ಡನ್ನು ನೋಡಿ ಅವ್ವ ಕೇಳಿದ್ದು ಒಂದೇ, ಫೋಟೋದಲ್ಲಿ ಜಡೆ ಯಾಕೆ ಸರಿ ಇಲ್ಲ ಎಂದು.

ಈಗ ಅವಳು ನಾಲ್ಕನೇ ಕ್ಲಾಸು. ಪ್ರತಿ ವರ್ಷ ಮೇ ಕೊನೆಗೆ, ಶಾಲೆ ಶುರುವಾಗುವ ಮುಂಚೆ, ಹಾಳೆಯನ್ನು ಹೊಸದಾಗಿ ಬರೆಯುತ್ತೇನೆ. ಮೇಲೆ ತಾರೀಕು ಹಾಕಿ, ಹಳೆಯದನ್ನು ವಾಪಸ್ ಕೇಳಿ ತೆಗೆದುಕೊಳ್ಳುತ್ತೇನೆ. ಎರಡನೇ ಕ್ಲಾಸಿನ ಹಾಳೆ ಇಟ್ಟುಕೊಂಡು ನಾಲ್ಕನೇ ಕ್ಲಾಸಿನ ಮಗುವನ್ನು ನೋಡಿದರೆ ಹೇಗೆ ಅಲ್ವಾ? ಕಲಸಿದ ಅನ್ನದ ಸಾಲು ಈಗ ಇಲ್ಲ, ತಿನ್ನುತ್ತಾಳೆ. ಮೊಟ್ಟೆಯದ್ದು ಹಾಗೇ ಇದೆ. ಈ ಸಲ ಗಣಿತದ ಸರ್ ಹೊಸಬರು. ಹಾಳೆ ಓದಿ, ಬೋರ್ಡಿಗೆ ಕರೆದರೆ ಬರುತ್ತಾಳಾ ಎಂದು ಕೇಳಿದರು. ಹಿಂದಿನ ದಿನವೇ ಯಾವ ಲೆಕ್ಕ ಎಂದು ಹೇಳಿದ್ದರೆ ಬರುತ್ತಾಳೆ ಎಂದೆ. ಆ ಸಾಲನ್ನೂ ಈಗ ಸೇರಿಸಿದ್ದೇನೆ.