ಗುಂಡಿ ಕಂಪ್ಲೇಂಟ್ ಕೊಟ್ಟು ಮುಚ್ಚಿಸಿದ್ದು ಹೆಂಗೆ: ಸೈಕಲ್ ತುಳಿಯೋನ ಅನುಭವ

ರಸ್ತೆ ಗುಂಡಿ ಬಗ್ಗೆ ಪಾಲಿಕೆಗೆ ಬರೆಯೋದು ದಂಡ, ಯಾರೂ ನೋಡಲ್ಲ ಅಂತ ನಮ್ಮ ಸೈಕಲ್ ಗುಂಪಲ್ಲಿ ಎಲ್ರೂ ಹೇಳ್ತಿದ್ರು. ಈಗ ಅದೇ ಜನ "ನೀನು ಬರೆಯೋ ಫಾರ್ಮ್ಯಾಟ್ ಒಂದ್ಸಲ ಕಳ್ಸು ಮಾರಾಯ" ಅಂತ ಮೆಸೇಜ್ ಹಾಕ್ತಾರೆ. ಯಾಕಂದ್ರೆ ನಾನು ದಿನಾ ಹೋಗೋ ದಾರೀಲಿ ಕಂಪ್ಲೇಂಟ್ ಕೊಟ್ಟ ಹತ್ತು ಗುಂಡೀಲಿ ಹೆಚ್ಚುಕಮ್ಮಿ ಏಳು ಮುಚ್ಚಿದಾರೆ, ಮುಂಚೆ ಹತ್ತಕ್ಕೆ ಒಂದಾದ್ರೆ ದೊಡ್ಡದು. ಪಾಲಿಕೆಯ ಕಂಪ್ಲೇಂಟ್ ಆಪ್ ಹಾಕ್ಕೊಳೋದು, ಲೊಕೇಶನ್ ಆನ್ ಮಾಡೋದು ನಿಮಗೆಲ್ಲ ಗೊತ್ತಿರೋದೇ, ಅದನ್ನ ಬಿಟ್ಬಿಡ್ತೀನಿ.

ಮೊದ್ಲು ದುಡ್ಡಿನ ವಿಷ್ಯ. ನೀರು ನಿಂತಿದ್ದ ಗುಂಡಿಗೆ ಮುಂದಿನ ಚಕ್ರ ಇಳಿದು ರಿಮ್ ಬೆಂಡಾಯ್ತು, ಟೈರ್ ಪಕ್ಕ ಸೀಳ್ತು, ಟ್ಯೂಬ್‌ಗೆ ಸ್ನೇಕ್ ಬೈಟ್ (ರಿಮ್ಮಿಗೂ ಗುಂಡಿ ಅಂಚಿಗೂ ನಡುವೆ ಸಿಕ್ಕಿ ಹಾವು ಕಚ್ಚಿದಂಗೆ ಆಗೋ ಎರಡು ತೂತು), ಚಕ್ರ ಮತ್ತೆ ಕಟ್ಟಿಸೋ ಕೂಲಿನೂ ಸೇರಿ ಸೈಕಲ್ ಬೆಲೆಯ ಕಾಲು ಭಾಗದಷ್ಟು ಹೋಯ್ತು. ಬಿಲ್ಲೆಲ್ಲ ಇಟ್ಟು ಪರಿಹಾರ ಕೇಳ್ದೆ. ಬಂದ ಉತ್ತರ ಎರಡೇ ಸಾಲು, ಈ ಗುಂಡಿ ಬಗ್ಗೆ ಮೊದಲು ಯಾವ ದೂರೂ ದಾಖಲಾಗಿಲ್ಲ, ಆದ್ದರಿಂದ ಪರಿಹಾರ ಕೊಡಲು ಬರುವುದಿಲ್ಲ. ಆ ಗುಂಡಿ ತಿಂಗಳುಗಟ್ಟಲೆ ಅಲ್ಲೇ ಇತ್ತು, ನೂರಾರು ಜನ ಬೈಕೊಂಡು ಹೋಗಿದ್ರು, ಒಬ್ರೂ ಬರೆದಿರ್ಲಿಲ್ಲ! ಆಮೇಲೆ ಓದ್ತಾ ಹೋದ್ರೆ ಬೇರೆ ಕಡೇನೂ ಇದೇ ಕಥೆ. ನ್ಯೂಯಾರ್ಕ್ ನಗರದಲ್ಲಿ ಮುಂಚೆನೇ ಬರವಣಿಗೇಲಿ ನೋಟಿಸ್ ಹೋಗಿರ್ಬೇಕು ಅನ್ನೋ ನಿಯಮನೇ ಇದೆ, ಬ್ರಿಟನ್ನಿನ 1980ರ ಹೈವೇಸ್ ಆಕ್ಟ್‌ನ 58ನೇ ಸೆಕ್ಷನ್ ಕೆಳಗೂ ಕೌನ್ಸಿಲ್‌ಗೆ (ಅಲ್ಲಿನ ಸ್ಥಳೀಯ ಆಡಳಿತಕ್ಕೆ) ಗುಂಡಿ ಇರೋದು ಗೊತ್ತಿತ್ತಾ ಅನ್ನೋದು ಮುಖ್ಯ ಆಗುತ್ತೆ. ಅಂದ್ರೆ ನಾವು ಕೊಡೋ ಒಂದೊಂದು ಕಂಪ್ಲೇಂಟೂ ಮುಂದೆ ಅಲ್ಲಿ ಬೀಳೋ ಯಾರಿಗೋ ಸಾಕ್ಷಿ. ಗುಂಡಿ ಮುಚ್ಚದೇ ಇದ್ರೂ ಬರೀಲೇಬೇಕು ಅಂತ ನಾನು ಹಠ ಹಿಡಿದಿದ್ದು ಇದಕ್ಕೇ.

ಕೆಲಸಕ್ಕೆ ಬಾರದೆ ಹೋಗಿದ್ದು ಏನೇನು ಅಂದ್ರೆ, ಸೋಶಿಯಲ್ ಮೀಡಿಯಾದಲ್ಲಿ ಟ್ಯಾಗ್ ಮಾಡೋದು, "ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ" ಅಂತ ಬರುತ್ತೆ, ಅಲ್ಲಿಗೆ ಮುಗೀತು. ಗುಂಪಲ್ಲಿ ಎಲ್ರ ಸಹಿ ಹಾಕ್ಸಿ ಮೂವತ್ತೋ ನಲವತ್ತೋ ಗುಂಡಿ ಪಟ್ಟಿ ಕೊಟ್ವಿ, ಅದು ಇನ್ನೂ ಕೆಟ್ಟದು, ಯಾಕಂದ್ರೆ ಆ ಪಟ್ಟೀಲಿ ಮೂರು ನಾಲ್ಕು ಇಲಾಖೆ ರಸ್ತೆ ಸೇರ್ಕೊಂಡಿತ್ತು, ಒಬ್ರು ಇನ್ನೊಬ್ರ ಟೇಬಲ್‌ಗೆ ತಳ್ತಾ ಹೋದ್ರು. ಒಂದು ಗುಂಡಿಗೆ ಒಂದು ಕಂಪ್ಲೇಂಟ್, ಇದ್ರಲ್ಲಿ ರಾಜಿ ಬೇಡ. ಹ್ಯಾಂಡಲ್‌ಗೆ ಕ್ಯಾಮರಾ ಕಟ್ಟಿ ವಿಡಿಯೋ ತೆಗೆದಿದ್ದೂ ಆಯ್ತು, ಓಡೋವಾಗ ಫ್ರೇಮ್ ಮಸುಕು, ಮೇಲಾಗಿ ವೈಡ್ ಲೆನ್ಸಲ್ಲಿ ಎಂಥಾ ಗುಂಡಿನೂ ಸಪಾಟಾಗಿ ಕಾಣುತ್ತೆ.

ಕೊನೆಗೆ ನಡೆದಿದ್ದು ಅಳತೆ. ಚಕ್ರದ ಒಂದು ಹಳೇ ಸ್ಪೋಕ್ (ಕಡ್ಡಿ) ತಗೊಂಡು ಸೆಂಟಿಮೀಟರಿಗೊಂದು ಬಣ್ಣದ ಟೇಪ್ ಸುತ್ತಿದೀನಿ. ಗಾಳಿ ಹೊಡೆಯೋ ಮಿನಿ ಪಂಪನ್ನ ಗುಂಡಿ ಅಂಚಿಂದ ಅಂಚಿಗೆ ಅಡ್ಡ ಇಡೋದು (ದೊಡ್ಡ ಗುಂಡಿಗೆ ಸೀಟ್‌ಪೋಸ್ಟ್, ಅಂದ್ರೆ ಸೀಟಿನ ಕೆಳಗಿನ ಕೊಳವೆ ಬಿಚ್ಚಿ ಇಟ್ಟಿದ್ದೂ ಉಂಟು), ಸ್ಪೋಕನ್ನ ಅದರ ಪಕ್ಕ ನೆಟ್ಟಗೆ ಇಳಿಸೋದು, ಪಂಪಿನ ಕೆಳಗಿನ ಅಂಚಿಗೆ ಯಾವ ಟೇಪ್ ಬರುತ್ತೋ ಅದು ಆಳ. ಫೋಟೋದಲ್ಲಿ ಪಂಪೂ ಸ್ಪೋಕೂ ಎರಡೂ ಬರ್ಬೇಕು, ಫೋನ್ ನೆಲಕ್ಕೆ ಹತ್ರ, ಮೊಣಕಾಲೆತ್ತರದಲ್ಲಿ ಹಿಡೀಬೇಕು. ಬೆಳಿಗ್ಗೆ ಬೇಗ ಇಲ್ಲಾ ಸಂಜೆ ಬಿಸಿಲು ಓರೆ ಬೀಳೋವಾಗ ತೆಗೆದ್ರೆ ಗುಂಡಿ ಒಳಗೆ ನೆರಳು ಕೂತು ಆಳ ಎದ್ದು ಕಾಣುತ್ತೆ, ಅದೇ ಗುಂಡಿ ನಡುಮಧ್ಯಾಹ್ನ ಏನೂ ಇಲ್ಲದಂಗೆ ಇರುತ್ತೆ, ಎರಡೂ ತೆಗೆದು ಪಕ್ಕಪಕ್ಕ ಇಟ್ಟು ನೋಡಿದೀನಿ. ಆಳಕ್ಕೆ ಯಾಕಿಷ್ಟು ಬೆಲೆ ಅಂದ್ರೆ ಬ್ರಿಟನ್ನಿನ ಎಷ್ಟೋ ಕೌನ್ಸಿಲ್‌ಗಳು ವಾಹನ ಓಡೋ ರಸ್ತೇಲಿ ಸುಮಾರು 40 ಮಿಲಿಮೀಟರ್ ದಾಟಿದ್ರೆ ರಿಪೇರಿ ಅಂತ ಗೆರೆ ಹಾಕ್ಕೊಂಡಿದಾವೆ, ನಿಮ್ಮಲ್ಲಿ ಅಂಥ ನಿಯಮ ಇಲ್ಲದಿದ್ರೂ ಅಂಕಿ ನೋಡಿದ ಇಂಜಿನಿಯರ್‌ಗೆ ಇದನ್ನ ಸುಮ್ನೆ ಪಕ್ಕಕ್ಕಿಡೋದು ಕಷ್ಟ ಆಗುತ್ತೆ.

ಎರಡನೇ ಫೋಟೋ ದೂರದಿಂದ, ಕರೆಂಟ್ ಕಂಬ, ತಿರುವು, ಗೋಡೆ ಏನಾದ್ರೂ ಗುರುತು ಸಿಗೋ ಹಂಗೆ. ಫೋನಿನ ಜಿಪಿಎಸ್ ಬಯಲಲ್ಲೇ ನಾಲ್ಕೈದು ಮೀಟರ್ ಆಚೀಚೆ ತೋರ್ಸುತ್ತೆ, ಮರ, ಎತ್ತರದ ಕಟ್ಟಡ ಇದ್ರೆ ಕೇಳೋದೇ ಬೇಡ, ಪಿನ್ ಪಕ್ಕದ ರಸ್ತೇಲಿ ಕೂತಿರುತ್ತೆ. ಕಂಬದ ನಂಬರ್ ಬರೆದ್ರೆ ರಿಪೇರಿ ಗ್ಯಾಂಗಿನವ್ರು ಹುಡುಕೋ ಕಷ್ಟ ಇಲ್ಲ. ಎಷ್ಟೋ ಕಂಪ್ಲೇಂಟ್ "ಸ್ಥಳ ಸಿಗಲಿಲ್ಲ" ಅಂತ ಕ್ಲೋಸ್ ಆಗೋದು ಇದೊಂದು ಇಲ್ದೆನೇ.

ಬರೆಯೋದು ಮೂರ್ನಾಲ್ಕು ಸಾಲು ಸಾಕು. ಆದ್ರೆ ಸೈಕಲ್‌ಗೆ ಯಾಕೆ ಅಪಾಯ ಅಂತ ಬಿಡಿಸಿ ಹೇಳ್ಬೇಕು, ಕಾರಲ್ಲಿ ಕೂತು ನೋಡೋರಿಗೆ ಅದು ಹೊಳೆಯಲ್ಲ. ನಾನು ಬರೆಯೋದು ಹಿಂಗೆ: "ಗುಂಡಿ ರಸ್ತೆಯ ಎಡ ಅಂಚಿನಿಂದ ಒಂದು ಮೀಟರ್ ಒಳಗಿದೆ, ಸೈಕಲ್ ಸಾಗುವ ಗೆರೆಯಲ್ಲೇ. ತಪ್ಪಿಸಲು ಬಲಕ್ಕೆ ಸರಿದರೆ ಹಿಂದಿನಿಂದ ಬರುವ ಬಸ್ಸಿನ ದಾರಿಗೆ ಬರಬೇಕಾಗುತ್ತದೆ. ಇಳಿಜಾರಿನ ತಿರುವು, ರಾತ್ರಿ ಬೆಳಕಿಲ್ಲ." ಬೈಗುಳ, ತೆರಿಗೆ ಕಟ್ತೀವಿ ಅನ್ನೋ ಭಾಷಣ ಒಂದೂ ಬೇಡ. ಇನ್ನು ಉದ್ದಕ್ಕೆ ಸೀಳಿದ ಬಿರುಕನ್ನ ಗುಂಡಿ ಅಂತ ಯಾರೂ ಲೆಕ್ಕಕ್ಕೇ ತಗೊಳಲ್ಲ, 28 ಮಿಲಿಮೀಟರ್ ಅಗಲದ ಟೈರಿಗೆ ಅದು ಗುಂಡಿಗಿಂತ ಕೆಟ್ಟದು, ಚಕ್ರ ಟ್ರಾಮ್ ಹಳಿಗೆ ಸಿಕ್ಕಂಗೆ ಸಿಕ್ಕಿ ಹ್ಯಾಂಡಲ್ ತಿರುಗೋದೇ ಇಲ್ಲ. ಅದಕ್ಕೆ ಉದ್ದ ಬೇಡ, ಅಗಲ ಬರೀರಿ.

ಕಳ್ಸೋಕೆ ಮುಂಚೆ ಗುಂಡಿ ಯಾರದ್ದು ಅಂತ ನೋಡ್ಕೊಬೇಕು. ಅಂಚು ನೇರವಾಗಿ, ಉದ್ದ ಪಟ್ಟಿ ತರ ಕುಸಿದಿದ್ರೆ ಅದು ಪೈಪಿಗೋ ಕೇಬಲ್ಲಿಗೋ ಅಗೆದು ಮುಚ್ಚಿದ ಜಾಗ, ಮಣ್ಣು ಸರಿಯಾಗಿ ದಮ್ಮಸು ಮಾಡಿರಲ್ಲ. ಮ್ಯಾನ್‌ಹೋಲ್ ಸುತ್ತ ಇದ್ರೆ ಮುಚ್ಚಳದ ಮೇಲೆ ಸಾಮಾನ್ಯವಾಗಿ ಇಲಾಖೆ ಅಕ್ಷರ ಇರುತ್ತೆ, ಅದರ ಫೋಟೋನೂ ಹಾಕಿ. ಇದನ್ನ ಶುರು ಮಾಡಿದ ಮೇಲೆ ನನ್ನ ಕಂಪ್ಲೇಂಟ್ ಅಲ್ಲಿಗಿಲ್ಲಿಗೆ ಅಲೆಯೋದು ಅರ್ಧಕ್ಕರ್ಧ ನಿಂತಿದೆ. ಕಂಪ್ಲೇಂಟ್ ಯಾವ ದಿನ, ಎಷ್ಟೊತ್ತಿಗೆ ಕಳಿಸ್ತೀನಿ ಅನ್ನೋದ್ರಲ್ಲೂ ಒಂದು ಲೆಕ್ಕ ಇದೆ, ಅದನ್ನ ಮಾತ್ರ ಇಲ್ಲಿ ಹೇಳಲ್ಲ, ಎಲ್ರೂ ಅದೇ ಹೊತ್ತಿಗೆ ಕಳಿಸಿದ್ರೆ ಅದು ಕೆಲಸ ಮಾಡಲ್ಲ.

ಮುಚ್ಚಿದಾರೆ ಅಂದ್ರೆ ಮುಗೀತು ಅಂತಲ್ಲ. ನೀರಿರೋ ಗುಂಡಿಗೇ ಕೋಲ್ಡ್ ಮಿಕ್ಸ್ (ಬಿಸಿ ಮಾಡದೆ ಹಾಕೋ ಡಾಂಬರ್ ಮಿಶ್ರಣ) ಸುರಿದು ಸಲಿಕೆ ಹಿಂದಿಂದ ತಟ್ಟಿ ಹೋದ್ರೆ ಎರಡು ಮಳೆಗೆ ಕಿತ್ತು ಬರುತ್ತೆ, ಜಲ್ಲಿ ರಸ್ತೆ ತುಂಬ ಹರಡಿ ಇನ್ನೊಂದು ಅಪಾಯ. ಗಟ್ಟಿ ನಿಲ್ಲೋದು ಅಂಚನ್ನ ಚೌಕಾಕಾರ ಕತ್ತರಿಸಿ, ಧೂಳು ನೀರು ತೆಗೆದು, ಟ್ಯಾಕ್ ಕೋಟ್ (ಅಂಟು ಹಿಡಿಯೋಕೆ ಬಳಿಯೋ ತೆಳು ಡಾಂಬರ್) ಹಚ್ಚಿ, ಬಿಸಿ ಡಾಂಬರ್ ಹಾಕಿ ಒತ್ತಿದ್ದು. ಹಂಗಾಗಿ ಮುಚ್ಚಿದ ದಿನಾನೂ ಒಂದು ಫೋಟೋ ತೆಗೆದಿಡ್ತೀನಿ. ಕಿತ್ತು ಬಂದ್ರೆ ಇಲ್ಲಾ ಏನೂ ಮಾಡ್ದೆ ಕ್ಲೋಸ್ ಮಾಡಿದ್ರೆ, ಅದೇ ಕೋನದಿಂದ ಇನ್ನೊಂದು ತೆಗೆದು ಹಳೇ ನಂಬರ್‌ನಲ್ಲೇ ರೀಓಪನ್ ಮಾಡೋದು. ಹೊಸದು ಹಾಕಿದ್ರೆ ಹಳೇ ಇತಿಹಾಸ ಎಲ್ಲ ಹೋಗುತ್ತೆ, ಪರಿಹಾರ ಕೇಳೋವಾಗ ಬೇಕಾಗೋದೇ ಆ ಇತಿಹಾಸ.

ನಡುವೆ ಒಂದು ಪ್ರಯೋಗನೂ ಮಾಡ್ದೆ. ಫೋನಿನ ಆಕ್ಸಿಲೆರೋಮೀಟರ್ (ಕುಲುಕಾಟ ಅಳೆಯೋ ಸೆನ್ಸರ್) ಆನ್ ಇಟ್ಟು ಹ್ಯಾಂಡಲ್‌ಗೆ ಕಟ್ಟಿ, ಎಲ್ಲಿ ಕುಲುಕುತ್ತೋ ಅಲ್ಲಿ ತಾನಾಗೇ ಗುರುತಾಗ್ಲಿ ಅಂತ. ಹಂಪು, ಮ್ಯಾನ್‌ಹೋಲ್, ಫುಟ್‌ಪಾತ್ ಹತ್ತಿದ್ದು ಎಲ್ಲಾನೂ ಗುಂಡಿ ಅಂತ ಬಂತು, ನಿಜವಾದ ದೊಡ್ಡ ಗುಂಡಿ ಮಾತ್ರ ಬರ್ಲಿಲ್ಲ, ಯಾಕಂದ್ರೆ ಅದನ್ನ ನಾನು ತಪ್ಪಿಸಿಕೊಂಡು ಹೋಗ್ತೀನಲ್ಲ! ಸುಣ್ಣದಲ್ಲಿ ಸುತ್ತ ಗೆರೆ ಹಾಕಿ ನೋಡಿದೆ, ಹಿಂದೆ ಬರೋರಿಗೆ ಉಪಯೋಗ ಆಯ್ತು, ಮಳೆಗೆ ಹೋಯ್ತು.

ಈಗ ಇದೇ ವಿಧಾನ ಚರಂಡಿ ಜಾಲರಿ ಮೇಲೆ ನಡೀತಿದೆ. ಕಂಬಿ ನಾವು ಹೋಗೋ ದಿಕ್ಕಿಗೇ ಇದ್ರೆ ಟೈರ್ ಸೀದಾ ಒಳಗಿಳಿಯುತ್ತೆ. ಕಂಬಿಗಳ ನಡುವಿನ ಸಂದು ಅಳೆದು, ಟೈರ್ ಅಗಲ ಪಕ್ಕದಲ್ಲೇ ಬರೆದು, ಚೌಕದ ಜಾಲರಿ ಆದ್ರೆ ಎತ್ತಿ ಅಡ್ಡಕ್ಕೆ ತಿರುಗಿಸಿ ಕೂರಿಸಿ ಅಂತ ಕೇಳ್ತಿದೀನಿ. ಡಾಂಬರ್ ಬೇಡ, ಟೆಂಡರ್ ಬೇಡ, ಇಬ್ರು ಆಳು ಒಂದು ಹಾರೆ ಇದ್ರೆ ಆಗೋ ಕೆಲಸ. ಮೊದಲ ಎರಡು ಮೂರು ಒಂದೇ ವಾರದೊಳಗೆ ತಿರುಗಿಸಿದಾರೆ, ಆಯತಾಕಾರದ್ದು ಮಾತ್ರ ಹಂಗೆ ಕೂರಲ್ಲ, ಅವಕ್ಕೆ ಅಡ್ಡ ಪಟ್ಟಿ ವೆಲ್ಡ್ ಮಾಡಿಸಿ ಅಂತ ಬರೆದು ಕಾಯ್ತಾ ಇದೀನಿ.